ಆನೆ ಲಾಯ ಮ್ಯೂಸಿಯಂ ಆಗಿದ್ದಾಗ

ಕಲಬುರಗಿಯವರಿಗೆ ಕಮಲಾಪುರ ಅಂದರೆ ಮೊದಲು ನೆನಪಾಗುವುದು ಕೆಂಪು ಬಾಳೆಹಣ್ಣು. ಹುಮನಾಬಾದ್ ದಾರಿಯಲ್ಲಿ ಸಿಗುವ ಆ ಊರಿನ ಹಣ್ಣಿಗೆ ಜಿಐ ಮಾನ್ಯತೆಯೂ ಇದೆ. ಇತಿಹಾಸ ಓದುವ ಹುಡುಗರಿಗೆ ಮಾತ್ರ ಇನ್ನೊಂದು ಕಮಲಾಪುರ ಗೊತ್ತು. ಅದು ಹಂಪಿಯ ಮಗ್ಗುಲಿನದು, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮ್ಯೂಸಿಯಂ ಇರುವ ಊರು. ಇಲ್ಲಿಂದ ಅಲ್ಲಿಗೆ ಹೋಗಬೇಕಾದರೆ ಮೂರು ಹೊಳೆ ದಾಟಬೇಕು. ಮೊದಲು ಭೀಮಾ, ಆಮೇಲೆ ಕೃಷ್ಣಾ, ಕೊನೆಗೆ ತುಂಗಭದ್ರಾ. ಕೃಷ್ಣೆಗೂ ತುಂಗಭದ್ರೆಗೂ ನಡುವೆ ಸಿಕ್ಕಿಕೊಂಡ ರಾಯಚೂರು ಸೀಮೆಗಾಗಿ ಕಲಬುರಗಿಯ ಬಹಮನಿಗಳೂ ವಿಜಯನಗರದ ಅರಸರೂ ತಲೆಮಾರುಗಟ್ಟಲೆ ಬಡಿದಾಡಿದರು. ಇದು ಪಠ್ಯಪುಸ್ತಕದಲ್ಲಿ ಬರುವ ಮಾತು. ಪಠ್ಯಪುಸ್ತಕದಲ್ಲಿ ಬರದ ಒಂದು ಕಟ್ಟಡದ ಮಾತು ಇಲ್ಲಿದೆ. ಯುದ್ಧದ ಆನೆಗಳಿಗಾಗಿ ಕಟ್ಟಿದ್ದು ಎಂದು ನಂಬಲಾದ ಆ ಕಟ್ಟಡ, ಆನೆಗಳೂ ಅರಸರೂ ಹೋಗಿ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಮ್ಯೂಸಿಯಂ ಆಯಿತು. ಆಮೇಲೆ ಮ್ಯೂಸಿಯಂ ಕೂಡ ಅದನ್ನು ಬಿಟ್ಟು ಹೊರಟಿತು.

ಹಂಪಿಗೆ ಹೋದವರೆಲ್ಲ ಅದನ್ನು ನೋಡಿಯೇ ಇರುತ್ತಾರೆ. ಕಮಲ ಮಹಲ್ ಇರುವ ಆವರಣದ ಎತ್ತರದ ಗೋಡೆ ದಾಟಿ ಪೂರ್ವಕ್ಕೆ ಹೊರಬಂದರೆ ದೊಡ್ಡ ಬಯಲು. ಬಯಲಿನ ಆಚೆ ತುದಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಸಾಲಾಗಿ ನಿಂತ ಹನ್ನೊಂದು ಅಂಕಣಗಳ ಉದ್ದನೆಯ ಕಟ್ಟಡ. ಒಂದೊಂದು ಅಂಕಣಕ್ಕೂ ಆಳೆತ್ತರ ಮೀರಿದ ಕಮಾನಿನ ಬಾಗಿಲು, ತಲೆಯ ಮೇಲೊಂದು ಗುಂಬಜು. ನಟ್ಟನಡುವಿನ ಅಂಕಣದ ಮೇಲೆ ಮಾತ್ರ ಗುಂಬಜಿನ ಬದಲು ಗೋಪುರದಂಥ ಒಂದು ಎತ್ತರದ ಭಾಗ, ಅದೂ ಅರ್ಧ ಬಿದ್ದಿದೆ. ಎಡಕ್ಕೆ ಐದು, ಬಲಕ್ಕೆ ಐದು. ಎಲ್ಲ ಗುಂಬಜೂ ಒಂದೇ ಥರ ಇಲ್ಲ. ಕೆಲವು ನುಣುಪಾದ ಅರ್ಧಗೋಳ, ಕೆಲವು ಕುಂಬಳಕಾಯಿಯ ಹಾಗೆ ಪಕ್ಕೆಪಕ್ಕೆ ಸೀಳಿಕೊಂಡವು, ಕೆಲವಕ್ಕೆ ಮೂಲೆ ಮೂಲೆ. ನಡುವಿನಿಂದ ಎಡಕ್ಕೆ ಯಾವ ಕ್ರಮದಲ್ಲಿ ಬರುತ್ತವೋ ಬಲಕ್ಕೂ ಅದೇ ಕ್ರಮ. ಕಟ್ಟಿದವನು ಕೊಟ್ಟಿಗೆ ಕಟ್ಟುತ್ತಿದ್ದೇನೆ ಎಂದುಕೊಂಡು ಕಟ್ಟಿದ್ದಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಇದನ್ನು ಆನೆ ಲಾಯ, ಗಜಶಾಲೆ ಎಂದು ಕರೆಯುತ್ತೇವೆ. ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಹಂಪಿಯ ರಾಜಾವರಣದ ಬಹಳಷ್ಟು ಹೆಸರುಗಳು ವಿಜಯನಗರದ ಕಾಲದವಲ್ಲ. ಊರು ಹಾಳಾದ ಎಷ್ಟೋ ಕಾಲದ ಮೇಲೆ ಸುತ್ತಲಿನ ಜನ ಕರೆದದ್ದು, ಬ್ರಿಟಿಷ್ ಅಧಿಕಾರಿಗಳು ನಕಾಶೆಯಲ್ಲಿ ಬರೆದುಕೊಂಡದ್ದು. ‘ಜನಾನಾ’ ಎಂದು ಫಲಕ ಹಾಕಿರುವ ಆವರಣ ರಾಣಿವಾಸವೇ ಆಗಿತ್ತು ಎನ್ನುವುದಕ್ಕೆ ಪುರಾವೆ ಇಲ್ಲ. ಆನೆ ಲಾಯ ಇಷ್ಟು ಹತ್ತಿರ ಇರುವುದನ್ನು ನೋಡಿ, ಅದು ಅರಸನ ಅಥವಾ ಸೇನೆಯ ಮುಖ್ಯಸ್ಥನ ನಿವಾಸ ಇದ್ದೀತು ಎಂದು ಊಹಿಸಿದ ವಿದ್ವಾಂಸರೂ ಇದ್ದಾರೆ. ಆನೆ ಲಾಯದ ಹೆಸರಿಗೂ ಶಾಸನದ ಬೆಂಬಲ ಇಲ್ಲ. ಆದರೆ ಇದರ ಪರವಾಗಿ ಕಟ್ಟಡವೇ ಸಾಕ್ಷಿ ಹೇಳುತ್ತದೆ. ಆನೆ ಹೊಗುವಷ್ಟು ಎತ್ತರದ ಬಾಗಿಲು, ನಡುವೆ ಒಂದೂ ಕಂಬ ಇಲ್ಲದ ಒಳಗು, ಒಂದು ಅಂಕಣದಿಂದ ಇನ್ನೊಂದಕ್ಕೆ ಮನುಷ್ಯ ಮಾತ್ರ ನುಸುಳಬಹುದಾದ ಸಣ್ಣ ದಾರಿ, ಎದುರಿಗೆ ಸವಾರಿ ತೆಗೆಯುವುದಕ್ಕೆ ಹೇಳಿ ಮಾಡಿಸಿದಂಥ ಬಯಲು. ಮಾವುತನೊಬ್ಬನನ್ನು ಕರೆದುಕೊಂಡು ಬಂದು ಕೇಳಿದರೂ ಇದನ್ನೇ ಹೇಳಿಯಾನು.

ಆನೆ ಯಾಕೆ ಇಷ್ಟು ದೊಡ್ಡ ವಿಷಯ ಎಂದು ಇವತ್ತು ಅನ್ನಿಸಬಹುದು. ದಸರೆಯಲ್ಲಿ ಅಂಬಾರಿ ಹೊರುವ ಆನೆ ಮಾತ್ರ ನಮಗೆ ಉಳಿದಿದೆ. 15ನೇ ಶತಮಾನದಲ್ಲಿ ಆನೆ ಅಂದರೆ ಸೇನೆಯ ಒಂದು ಅಂಗ, ಬೊಕ್ಕಸದ ಒಂದು ಭಾಗ, ಸಂಧಾನದ ನಾಣ್ಯ. ದಖ್ಖನದ ಕೋಟೆಗಳ ಹೆಬ್ಬಾಗಿಲಿಗೆ ಕಬ್ಬಿಣದ ಉದ್ದುದ್ದ ಮೊಳೆ ಬಡಿದಿರುವುದು ಆನೆ ಹಣೆಯಿಂದ ಗುದ್ದದಿರಲಿ ಎಂದು. ವಿಜಯನಗರದ ಎರಡನೇ ದೇವರಾಯ ತನ್ನನ್ನು ‘ಗಜಬೇಟೆಕಾರ’ ಎಂದು ಕರೆಸಿಕೊಂಡ. ಅವನ ನಾಣ್ಯಗಳ ಮೇಲೂ ಆನೆ ಇದೆ. ಅವನ ಆಳ್ವಿಕೆಯಲ್ಲಿ, 1443ರಲ್ಲಿ, ಹೆರಾತಿನಿಂದ ಶಾರುಖ್ ದೊರೆಯ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್ ವಿಜಯನಗರದ ಆನೆಗಳನ್ನು ಬಹಳ ಗಮನವಿಟ್ಟು ನೋಡಿದ್ದಾನೆ. ಅವನು ಬರೆದಿಟ್ಟದ್ದರ ಸಾರ ಇಷ್ಟು: ರಾಜ್ಯದಲ್ಲಿ ಆನೆಗಳು ಬೇಕಾದಷ್ಟಿದ್ದವು, ಆದರೆ ಎಲ್ಲಕ್ಕಿಂತ ದೊಡ್ಡವನ್ನು ಅರಮನೆಯ ಹತ್ತಿರ ಇಟ್ಟುಕೊಂಡಿದ್ದರು. ಪ್ರತಿ ಆನೆಗೂ ಬೇರೆ ಬೇರೆ ಕೋಣೆ, ಗೋಡೆ ಬಲು ಗಟ್ಟಿ, ಮಾಡಿಗೆ ದಪ್ಪ ದಪ್ಪ ಮರದ ತೊಲೆ. ಆನೆಯ ಕುತ್ತಿಗೆ, ಬೆನ್ನಿಗೆ ಹಾಕಿದ ಸರಪಳಿಯನ್ನು ಮೇಲೆ ಮಾಡಿಗೆ ಬಿಗಿಯುತ್ತಿದ್ದರು. ತಿನ್ನಲು ಖಿಚಡಿ. ಬೇಯಿಸಿ, ಉಪ್ಪು, ಸಕ್ಕರೆ ಹಾಕಿ, ಉಂಡೆ ಕಟ್ಟಿ, ತುಪ್ಪದಲ್ಲಿ ಅದ್ದಿ ಬಾಯಿಗಿಡುತ್ತಿದ್ದರು. ದಿನಕ್ಕೆ ಎರಡು ಹೊತ್ತು. ಇವುಗಳಲ್ಲಿ ಒಂದು ತಪ್ಪಿದರೂ ಆನೆ ಮಾವುತನ ಮೇಲೆ ತಿರುಗಿಬೀಳುತ್ತಿತ್ತು, ಅರಸನೂ ದಂಡಿಸುತ್ತಿದ್ದ. ಹೆರಾತಿನ ವಿದ್ವಾಂಸನೊಬ್ಬ ಆನೆಯ ಊಟದ ಉಪ್ಪು, ಸಕ್ಕರೆಯ ಲೆಕ್ಕ ಬರೆದುಕೊಳ್ಳುತ್ತ ನಿಂತಿದ್ದ ಎಂದು ಯೋಚಿಸಿದರೆ ನನಗೆ ಅವನ ಮೇಲೆ ಪ್ರೀತಿ ಬರುತ್ತದೆ.

ಅವನ ಬರಹದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮರದ ತೊಲೆಯ ಮಾಡು. ಈಗ ನಿಂತಿರುವ ಲಾಯಕ್ಕೆ ಮರದ ಮಾಡಿಲ್ಲ. ಮೇಲಿರುವುದೆಲ್ಲ ಕಲ್ಲು, ಗಾರೆಯ ಗುಂಬಜು. ಅಂದರೆ ರಜಾಕ್ ನೋಡಿದ ಆನೆಮನೆ ಬೇರೆ, ನಾವು ನೋಡುವುದು ಬೇರೆ. ಗೈಡುಗಳು ಎರಡನ್ನೂ ಒಂದೇ ಎನ್ನುವ ಹಾಗೆ ಹೇಳುತ್ತಾರೆ. ಒಳಗೆ ಮೇಲ್ಗಡೆ ಇರುವ ಕೊಂಡಿಗಳನ್ನು ತೋರಿಸಿ ಇಲ್ಲೇ ಸರಪಳಿ ಕಟ್ಟುತ್ತಿದ್ದರು ಎನ್ನುತ್ತಾರೆ. ಕಟ್ಟುವ ಪದ್ಧತಿ ಒಂದೇ ಇದ್ದಿರಬಹುದು. ಕಟ್ಟಡ ಬದಲಾಗಿದೆ. ಈ ಬದಲಾವಣೆಯೇ ನನ್ನ ಮಟ್ಟಿಗೆ ಕಥೆಯ ತಿರುಳು.

ಹಂಪಿಯ ಗುಡಿಗಳನ್ನು ನೆನಪಿಸಿಕೊಳ್ಳಿ. ಕಂಬ, ಕಂಬದ ಮೇಲೆ ಕಲ್ಲಿನ ತೊಲೆ, ತೊಲೆಯ ಮೇಲೆ ಹಾಸುಗಲ್ಲು. ಕಲ್ಲಿನ ತೊಲೆ ಎಷ್ಟು ಉದ್ದ ಸಿಗುತ್ತದೋ ಅಷ್ಟೇ ಅಂತರ, ಆಮೇಲೆ ಮತ್ತೊಂದು ಕಂಬ ಬೇಕೇ ಬೇಕು. ಹತ್ತಾರು ಜನ ಕೂತು ಭಜನೆ ಮಾಡುವುದಕ್ಕೆ ಕಂಬಗಳ ಕಾಡು ಅಡ್ಡಿಯಾಗುವುದಿಲ್ಲ. ಆನೆಗೆ ಆಗುತ್ತದೆ. ಮದವೇರಿದ ಗಂಡಾನೆ ಕಂಬಕ್ಕೆ ಮೈ ಉಜ್ಜಿದರೆ ಮಾಡೇ ಕುಸಿದೀತು. ಅರಮನೆಗಳಿಗೆ ಮರ ಬಳಸಿದರು. ರಾಜಸಭಾಂಗಣದಲ್ಲಿ ಮರದ ಕಂಬ ನಿಲ್ಲಿಸಲು ಮಾಡಿದ ನೂರು ಕಲ್ಲಿನ ಪಾದಗಳು ಈಗಲೂ ಸಾಲಾಗಿವೆ, ಕಂಬಗಳು ಮಾತ್ರ ಬೆಂಕಿಗೆ ಹೋದವು. ಮೂರನೆಯ ದಾರಿ ಎಂದರೆ ಕಮಾನು ಮತ್ತು ಗುಂಬಜು. ಸಣ್ಣ ಕಲ್ಲುಗಳನ್ನು ಸುಣ್ಣದ ಗಾರೆಯಲ್ಲಿ ಕೂರಿಸಿ ಒಂದಕ್ಕೊಂದು ಒತ್ತುವಂತೆ ಬಾಗಿಸಿ ಕಟ್ಟಿದರೆ ಭಾರವೆಲ್ಲ ಪಕ್ಕದ ದಪ್ಪ ಗೋಡೆಗಿಳಿಯುತ್ತದೆ, ಕೆಳಗೆ ಕಂಬವೇ ಬೇಡ. ಬಾಗಿಲನ್ನು ಬೇಕಾದಷ್ಟು ಎತ್ತರ ಮಾಡಬಹುದು. ಚೌಕದ ಕೋಣೆಯ ಮೇಲೆ ದುಂಡನೆಯ ಗುಂಬಜು ಕೂರಿಸಲು ಮೂಲೆಗಳಿಗೆ ಅಡ್ಡ ಕಮಾನು ಕೊಟ್ಟು ನಾಲ್ಕು ಮೂಲೆಯನ್ನು ಎಂಟು ಮಾಡಿ, ಮತ್ತೆ ದುಂಡಗೆ ಮಾಡುತ್ತ ಹೋಗಬೇಕು. ಇದು ಪುಸ್ತಕ ನೋಡಿ ಕಲಿಯುವ ಕೆಲಸವಲ್ಲ. ಕಟ್ಟಿ ಕಟ್ಟಿ ಕೈ ಪಳಗಿದ ಗೌಂಡಿಗಳು ಬೇಕು.

ಅಂಥ ಕೈಗಳು ದಖ್ಖನದಲ್ಲಿ ಎಲ್ಲಿ ಪಳಗಿದ್ದವು? ಕಲಬುರಗಿಯಲ್ಲಿ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಈ ಊರು ರಾಜಧಾನಿಯಾಯಿತು. ಇಪ್ಪತ್ತು ವರ್ಷದಲ್ಲಿ, 1367ರಲ್ಲಿ, ಕೋಟೆಯೊಳಗೆ ಜಾಮಿಯಾ ಮಸೀದಿ ಎದ್ದಿತು. ಕಜ್ವೀನಿನ ರಫಿ ಎಂಬ ಶಿಲ್ಪಿಯ ಹೆಸರು ಅದರ ಶಾಸನದಲ್ಲಿದೆ. ಅಂಗಳ ಬಿಡದೆ ಇಡೀ ಮಸೀದಿಗೆ ಮಾಡು ಹೊದಿಸಿ, ಒಂದು ದೊಡ್ಡದು, ಮೂಲೆಗೊಂದರಂತೆ ನಾಲ್ಕು, ಉಳಿದಂತೆ ಹತ್ತಾರು ಸಣ್ಣ ಗುಂಬಜುಗಳನ್ನು ಕೂರಿಸಿದ್ದಾರೆ. ರೋಜಾ ಕಡೆ ನಡೆದರೆ ಹಫ್ತ್ ಗುಂಬಜ್, ಬಹಮನಿ ಸುಲ್ತಾನರ ಗೋರಿಗಳು. ಮೊದಮೊದಲಿನವು ದಿಲ್ಲಿಯ ತುಘಲಕರ ಕಟ್ಟಡಗಳ ಹಾಗೆ ಗಡುಸು, ಗಿಡ್ಡ. 1422ರಲ್ಲಿ ಸತ್ತ ಫಿರೋಜ್ ಷಾನ ಗೋರಿಯ ಹೊತ್ತಿಗೆ ಜೋಡಿ ಕೋಣೆ, ಜೋಡಿ ಗುಂಬಜು, ಗೋಡೆಯ ಮೇಲೆ ಎರಡು ಸಾಲಿನಲ್ಲಿ ಕಮಾನಿನೊಳಗೆ ಕಮಾನು, ಗಾರೆಯಲ್ಲಿ ಹೂಬಳ್ಳಿ. ಅದೇ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ದರ್ಗಾ ಅಲ್ಲಿಂದ ದೂರವಿಲ್ಲ. ಇವನ್ನೆಲ್ಲ ದಿನಾ ನೋಡುವ ಕಣ್ಣಿಗೆ ಹಂಪಿಯ ಆನೆ ಲಾಯ ಹೊಸತಾಗಿ ಕಾಣುವುದಿಲ್ಲ. ನಮ್ಮೂರಿನ ಯಾರೋ ಅಲ್ಲಿ ಹೋಗಿ ನೆಲೆಸಿದ ಹಾಗೆ ಕಾಣುತ್ತದೆ.

ಈ ಹೋಲಿಕೆ ನೋಡಿದೊಡನೆ ಎರಡು ಉತ್ತರ ಸಿದ್ಧವಾಗಿ ಬರುತ್ತವೆ. ಒಂದು, ಇದು ಮುಸಲ್ಮಾನರು ಊರು ಗೆದ್ದ ಮೇಲೆ ಕಟ್ಟಿದ್ದು. ಎರಡು, ಇದು ಎರಡು ಧರ್ಮಗಳ ಸಾಮರಸ್ಯದ ಸಂಕೇತ. ಮೊದಲನೆಯದು ನಿಲ್ಲುವುದಿಲ್ಲ. 1565ರ ಸೋಲಿನ ಮೇಲೆ ಆ ಊರಿನಲ್ಲಿ ಆನೆ ಕಟ್ಟಿಸುವಂಥ ಅರಸೊತ್ತಿಗೆ ಇರಲಿಲ್ಲ. ಕಮಲ ಮಹಲಿನಲ್ಲಿ ಕಮಾನಿನ ಮೇಲೆ ಗುಡಿಯ ಶಿಖರದಂಥ ಮೆಟ್ಟಿಲು ಮೆಟ್ಟಿಲಿನ ಗೋಪುರಗಳನ್ನು ಕೂರಿಸಿದ ರೀತಿ ನೋಡಿದರೆ ಇದು ವಿಜಯನಗರದವರೇ ತಮ್ಮ ಇಷ್ಟಕ್ಕೆ ಕಟ್ಟಿಸಿಕೊಂಡದ್ದು ಎಂದು ಗೊತ್ತಾಗುತ್ತದೆ. ಎರಡನೆಯ ಉತ್ತರ ಕೇಳಲು ಹಿತವಾಗಿದೆ, ಆದರೆ ಅದೂ ನನಗೆ ಒಪ್ಪಿಗೆಯಿಲ್ಲ. ಇದು ಆನೆ ಲಾಯ. ಯುದ್ಧದ ಸರಂಜಾಮು. ಎದುರಾಳಿಯ ಹತ್ತಿರ ಒಳ್ಳೆಯ ತಂತ್ರ ಇದೆ ಎಂದು ಕಂಡರೆ ಅದನ್ನು ತರಿಸಿಕೊಳ್ಳುವುದು ಯುದ್ಧ ಮಾಡುವವರ ಮೊದಲ ಬುದ್ಧಿ. ದೇವರಾಯನ ಸೇನೆಗೆ ಮುಸಲ್ಮಾನ ಬಿಲ್ಲಾಳುಗಳನ್ನೂ ಸವಾರರನ್ನೂ ಸೇರಿಸಿಕೊಂಡದ್ದು ಬಹಮನಿಗಳಿಗೆ ಎದುರು ನಿಲ್ಲುವುದಕ್ಕೇ. ಅವನ ಅಧಿಕಾರಿಯಾಗಿದ್ದ ಅಹಮದ್ ಖಾನ್ ಎಂಬವನು 1439ರಲ್ಲಿ ಹಂಪಿಯಲ್ಲಿ ಕಟ್ಟಿಸಿದ ಮಸೀದಿ ಇನ್ನೂ ಇದೆ. ಅದರ ಕನ್ನಡ ಶಾಸನ ಅದನ್ನು ಧರ್ಮಶಾಲೆ ಎಂದು ಕರೆಯುತ್ತದೆ. ವಿಜಯನಗರದ ದೊರೆಗಳು ‘ಹಿಂದೂರಾಯ ಸುರತ್ರಾಣ’ ಎಂದು ಬಿರುದು ಧರಿಸಿದರು. ಸುರತ್ರಾಣ ಎಂದರೆ ಸುಲ್ತಾನ. ಸುಲ್ತಾನನ ಜೊತೆ ಹೊಡೆದಾಡುತ್ತಲೇ ತಾನೂ ಒಬ್ಬ ಸುಲ್ತಾನ ಎನ್ನುವುದರಲ್ಲಿ ಅವರಿಗೆ ಸಂಕೋಚ ಇರಲಿಲ್ಲ. ಇದನ್ನು ಸಾಮರಸ್ಯ ಎಂದರೆ ಹೆಚ್ಚಾಯಿತು, ಬರೀ ದ್ವೇಷ ಎಂದರೆ ಸುಳ್ಳಾಯಿತು.

ಆನೆಗಳೂ ಹಾಗೆಯೇ ಆ ಕಡೆ ಈ ಕಡೆ ಓಡಾಡಿದವು. ಫಿರೋಜ್ ಷಾನಿಗೂ ಒಂದನೇ ದೇವರಾಯನಿಗೂ ಯುದ್ಧವಾಗಿ ಸಂಧಿಯಾದಾಗ ವಿಜಯನಗರ ಹಣ, ಮುತ್ತುಗಳ ಜೊತೆ ಐವತ್ತು ಆನೆಗಳನ್ನೂ ಕೊಟ್ಟಿತು, ದೇವರಾಯನ ಮಗಳನ್ನು ಫಿರೋಜನಿಗೆ ಮದುವೆ ಮಾಡಿಕೊಟ್ಟರು ಎಂದು ಫಿರಿಶ್ತಾ ಬರೆಯುತ್ತಾನೆ. ಫಿರಿಶ್ತಾ ವಿಜಾಪುರದ ಆಸ್ಥಾನದಲ್ಲಿ ಕೂತು ಸುಮಾರು ಇನ್ನೂರು ವರ್ಷ ತಡವಾಗಿ ಬರೆದವನು. ಮದುವೆಯ ಕಥೆಯನ್ನು ಅನುಮಾನದಿಂದ ನೋಡುವ ಇತಿಹಾಸಕಾರರಿದ್ದಾರೆ. ಆದರೆ ಸೋತವರು ಗೆದ್ದವರಿಗೆ ಆನೆ ಕೊಡುವುದು ಆ ಕಾಲದಲ್ಲಿ ಅನುಮಾನಪಡುವ ವಿಷಯವೇ ಅಲ್ಲ. ತುಂಗಭದ್ರೆಯ ದಡದಲ್ಲಿ ಖಿಚಡಿ ತಿನ್ನುತ್ತಿದ್ದ ಆನೆ ಭೀಮೆಯ ದಡಕ್ಕೆ ಬಂದು ಹೊಸ ಮಾವುತನ ಭಾಷೆ ಕಲಿಯಬೇಕಾಗಿತ್ತು. ಅಥವಾ ಮಾವುತನೂ ಅದರ ಜೊತೆಯಲ್ಲೇ ಬಂದಿದ್ದನೋ ಏನೋ.

ಇನ್ನೊಂದು ಸಣ್ಣ ಲೆಕ್ಕ. ಒಂದು ಅಂಕಣದಲ್ಲಿ ಎರಡು ಆನೆ ನಿಲ್ಲಬಹುದು ಎಂದಿಟ್ಟುಕೊಂಡರೂ ಹನ್ನೊಂದಕ್ಕೆ ಇಪ್ಪತ್ತೆರಡು. ನಡುವಿನ ಅಂಕಣ ಮೆರವಣಿಗೆಯ ಹೊತ್ತಿನಲ್ಲಿ ನಗಾರಿ, ವಾದ್ಯದವರಿಗಿತ್ತು ಎಂಬ ಊಹೆಯನ್ನು ಒಪ್ಪಿದರೆ ಇಪ್ಪತ್ತು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ದಂಡೆತ್ತಿ ಹೋದಾಗ ಜೊತೆಗಿದ್ದ ಆನೆಗಳ ಸಂಖ್ಯೆ, ಪೋರ್ಚುಗೀಸ್ ವರ್ತಕ ನ್ಯೂನಿಜ್ ಕೊಟ್ಟ ಅಂಕಿಗಳನ್ನು ರಾಬರ್ಟ್ ಸೀವೆಲ್ ಕೂಡಿಸಿದಂತೆ, 551. ಹಾಗಾದರೆ ಈ ಕಟ್ಟಡ ಇಡೀ ಗಜಸೇನೆಯ ಲಾಯವಲ್ಲ. ರಜಾಕ್ ಹೇಳಿದಂತೆ ಅರಮನೆಯ ಹತ್ತಿರ ಇಟ್ಟುಕೊಂಡ ದೊಡ್ಡ ಆನೆಗಳ, ಮಹಾನವಮಿಯ ದಿನ ಸಿಂಗರಿಸಿಕೊಂಡು ಸಾಲಾಗಿ ಬರುವ ಆನೆಗಳ ಮನೆ. ಬಂದ ರಾಯಭಾರಿಗಳಿಗೆ ತೋರಿಸಬೇಕಾದ ಬಲ. ಸೇನೆಗೆ ಸೇರಿದ್ದೂ ಹೌದು, ಪ್ರದರ್ಶನಕ್ಕೆ ಇಟ್ಟದ್ದೂ ಹೌದು. ಮ್ಯೂಸಿಯಂ ಆಗುವ ಗುಣ ಮೊದಲಿನಿಂದಲೂ ಅದರಲ್ಲಿ ಇತ್ತು ಎಂದು ತಮಾಷೆಗೆ ಹೇಳಬಹುದು.

1565ರ ಜನವರಿಯ ಯುದ್ಧದಲ್ಲಿ, ಫಿರಿಶ್ತಾ ಹೇಳುವಂತೆ, ಪಲ್ಲಕ್ಕಿಯಲ್ಲಿದ್ದ ಮುದುಕ ರಾಮರಾಯನ ಕಡೆಗೆ ಆನೆಯೊಂದು ನುಗ್ಗಿತು. ಬೋವಿಗಳು ಪಲ್ಲಕ್ಕಿ ಬಿಟ್ಟು ಓಡಿದರು. ರಾಮರಾಯ ಸೆರೆಸಿಕ್ಕ. ಆಮೇಲೆ ರಾಜಧಾನಿಗೆ ಬೆಂಕಿ ಬಿತ್ತು. ಮರದ ಕಂಬ, ಮರದ ಮಾಡು ಇದ್ದ ಅರಮನೆಗಳೆಲ್ಲ ಬೂದಿಯಾಗಿ ಬರೀ ಅಡಿಪಾಯ ಉಳಿಯಿತು. ಕಲ್ಲು, ಗಾರೆಯ ಕಟ್ಟಡಗಳಲ್ಲಿ ಸುಡುವುದಕ್ಕೆ ಏನೂ ಇರಲಿಲ್ಲ. ರಜಾಕ್ ನೋಡಿದ ಆನೆಮನೆ ಹೋಯಿತು, ಗುಂಬಜಿನ ಆನೆ ಲಾಯ ನಿಂತಿತು. ಇವತ್ತು ರಾಜಾವರಣದಲ್ಲಿ ನೆತ್ತಿಯ ಮೇಲೆ ಮಾಡಿರುವ ಲೌಕಿಕ ಕಟ್ಟಡಗಳಲ್ಲಿ ಹೆಚ್ಚಿನವು ಕಮಾನು, ಗುಂಬಜಿನವೇ ಆಗಿರುವುದಕ್ಕೆ ಇದೂ ಒಂದು ಕಾರಣ. ಉಳಿದದ್ದನ್ನು ನೋಡಿ ಇಡೀ ಊರೇ ಹೀಗಿತ್ತು ಎಂದುಕೊಂಡರೆ ತಪ್ಪು. ಮರದ ವಿಜಯನಗರವೊಂದು ನಮ್ಮ ಕಣ್ಣಿಗೆ ಬೀಳದೆ ಹೋಗಿದೆ.

ನಂತರ ಬಹುಕಾಲ ಲಾಯ ಸುಮ್ಮನೆ ನಿಂತಿತ್ತು. 1799-1800ರ ಸುಮಾರಿಗೆ ಕಾಲಿನ್ ಮೆಕೆಂಜಿ ಊರಿನ ನಕಾಶೆ ಮಾಡಿಸಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಫೋಟೋ ತೆಗೆದ. 1900ರಲ್ಲಿ ಸೀವೆಲ್ಲನ ಪುಸ್ತಕ ಬಂತು, 1917ರಲ್ಲಿ ಪುರಾತತ್ತ್ವ ಇಲಾಖೆಯ ಲಾಂಗ್‌ಹರ್ಸ್ಟ್ ಹಂಪಿಯ ಮೇಲೆ ಸಚಿತ್ರ ಪುಸ್ತಕ ಬರೆದ. ಕಾಡು ಕಡಿದು ಕಲ್ಲು ಎತ್ತುತ್ತ ಹೋದಂತೆ ಎಲ್ಲಿ ನೋಡಿದರಲ್ಲಿ ಒಡೆದ ಮೂರ್ತಿ, ಬಿಡಿಬಿಡಿಯಾದ ಶಿಲ್ಪ. ಅವನ್ನು ಮಳೆಯಿಂದ, ಕಳ್ಳರಿಂದ ಕಾಪಾಡಲು ಒಂದು ಜಾಗ ಬೇಕಿತ್ತು. ಬ್ರಿಟಿಷ್ ಅಧಿಕಾರಿಗಳು ಆರಿಸಿದ್ದು ಆನೆ ಲಾಯವನ್ನು. ಹಂಪಿಯ ಮೊದಲ ಮ್ಯೂಸಿಯಂ ಅದು.

ಆಯ್ಕೆ ಯಾಕೆ ಹೀಗಾಯಿತು ಎಂದು ಕಟ್ಟಡ ನೋಡಿದರೆ ತಿಳಿಯುತ್ತದೆ. ಮಾಡು ಗಟ್ಟಿ, ಒಳಗೆ ಒಣಗಿದ ನೆಲ, ಸಾಲಾಗಿ ಕೋಣೆಗಳು. ಭಾರದ ಕಲ್ಲನ್ನು ಒಳಗೆ ಸಾಗಿಸಲು ಆನೆಗೆ ಮಾಡಿದ ಬಾಗಿಲಿಗಿಂತ ಅನುಕೂಲ ಇನ್ನೇನಿದೆ? ನಮ್ಮ ಕಡೆ ಹಳೆಯ ಕಟ್ಟಡಗಳನ್ನು ಮ್ಯೂಸಿಯಂ ಮಾಡಿದ್ದೆಲ್ಲ ಬಹುಪಾಲು ಹೀಗೆಯೇ, ಖಾಲಿ ಇದೆ, ಗಟ್ಟಿ ಇದೆ ಎಂಬ ಕಾರಣಕ್ಕೆ. ವಿಜಾಪುರದಲ್ಲಿ ಗೋಲಗುಮ್ಮಟದ ಎದುರಿನ ನಗಾರಖಾನೆ 1892ರಲ್ಲಿ ಮ್ಯೂಸಿಯಂ ಆಯಿತು. ಅದೇ ವಿಜಾಪುರದಲ್ಲಿ ಒಂದು ಮಸೀದಿ ಅಂಚೆ ಕಚೇರಿಯಾಗಿತ್ತು, ಕರ್ಜನ್ ಬಂದು ಬಿಡಿಸಬೇಕಾಯಿತು. ಬೀದರ ಕೋಟೆಯಲ್ಲಿ ಹಮಾಮಿಗೆ ಮ್ಯೂಸಿಯಂ ಹೊಕ್ಕಿತು. ಇನ್ನು ನಮ್ಮ ಕಲಬುರಗಿಯಲ್ಲಿ, ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಇರುವುದು 14ನೇ ಶತಮಾನದ ಎರಡು ಗುಮ್ಮಟಗಳಲ್ಲಿ. ಗೋರಿಗಾಗಿ ಕಟ್ಟಿದ ಗುಂಬಜಿನ ಕೆಳಗೆ ಶಿಲ್ಪಗಳೂ ಶಾಸನಗಳೂ ನಿಂತಿವೆ. ಹೋದವರು ಕಲ್ಲುಗಳ ಮುಂದಿನ ಫಲಕ ಓದುತ್ತ ಮುಂದೆ ಸಾಗುತ್ತಾರೆ. ಕತ್ತೆತ್ತಿ ನೋಡುವವರು ಕಡಿಮೆ. ಆ ಮ್ಯೂಸಿಯಮ್ಮಿನಲ್ಲಿ ಎಲ್ಲಕ್ಕಿಂತ ದೊಡ್ಡ ವಸ್ತು ತಲೆಯ ಮೇಲಿದೆ.

ಆನೆ ಲಾಯಕ್ಕೂ ಆದದ್ದು ಇದೇ. ಕಮಾನಿನ ಬಾಗಿಲು ಎಷ್ಟು ಎತ್ತರ, ಯಾಕೆ ಎತ್ತರ ಎಂದು ಕೇಳುವ ಮೊದಲೇ ಒಳಗಿನ ದೇವರುಗಳು ಕಣ್ಣು ಸೆಳೆಯುತ್ತವೆ. ಗುಡಿಯಿಂದ ಬಂದ ಕಲ್ಲಿಗೆ ಇದು ಗುಡಿಯಲ್ಲ, ಆನೆ ಇದ್ದ ಜಾಗಕ್ಕೆ ಕಲ್ಲು ಆನೆಯಲ್ಲ. ಎರಡೂ ತಮ್ಮ ತಮ್ಮ ಮನೆ ಕಳೆದುಕೊಂಡು ಒಂದೇ ಸೂರಿನಡಿ ಸೇರಿಕೊಂಡಿದ್ದವು. ಇದನ್ನು ದೂರುವ ಹಾಗೂ ಇಲ್ಲ. ಆ ದಪ್ಪ ಗೋಡೆಗಳು ಇಲ್ಲದಿದ್ದರೆ ಎಷ್ಟು ಶಿಲ್ಪಗಳು ಸುಣ್ಣದ ಗೂಡಿಗೆ, ಮನೆಯ ತಳಪಾಯಕ್ಕೆ ಹೋಗುತ್ತಿದ್ದವೋ. ಬಳಕೆಯಲ್ಲಿರುವ ಕಟ್ಟಡವನ್ನು ಯಾರಾದರೂ ಗುಡಿಸುತ್ತಾರೆ, ಸೋರಿದರೆ ಗಾರೆ ಹಾಕುತ್ತಾರೆ. ಲಾಯ ಇಷ್ಟು ಚೆನ್ನಾಗಿ ಉಳಿದಿರುವುದಕ್ಕೆ ಅದು ಮ್ಯೂಸಿಯಂ ಆಗಿದ್ದದ್ದೂ ಕಾರಣವೇ ಇರಬೇಕು ಎಂದು ನನಗನ್ನಿಸುತ್ತದೆ.

1972ರಲ್ಲಿ ಸಂಗ್ರಹವನ್ನೆಲ್ಲ ಕಮಲಾಪುರದಲ್ಲಿ ಕಟ್ಟಿದ ಹೊಸ ಕಟ್ಟಡಕ್ಕೆ ಸಾಗಿಸಿದರು. ಈಗ ಅಲ್ಲಿ ಕೃಷ್ಣದೇವರಾಯನೂ ಅವನ ರಾಣಿಯರೂ ಎದುರುಗೊಳ್ಳುತ್ತಾರೆ. ನಡುವಿನ ಅಂಗಳದಲ್ಲಿ ಹಂಪಿಯ ಬೆಟ್ಟ, ಹೊಳೆ, ಗುಡಿಗಳ ದೊಡ್ಡ ಮಾದರಿ, ಸುತ್ತ ವೀರಭದ್ರ, ಭೈರವ, ಮಹಿಷಮರ್ದಿನಿ, ಮಹಾಸತಿಕಲ್ಲುಗಳು, ಆಯುಧಗಳು, ತಾಮ್ರಶಾಸನಗಳು, ನಾಣ್ಯಗಳು, ಅಗೆತದಲ್ಲಿ ಸಿಕ್ಕ ಚೀನಾ ಪಿಂಗಾಣಿಯ ಚೂರುಗಳು, ಗಾರೆಯ ಗೊಂಬೆಗಳು. ಒಳ್ಳೆಯ ಮ್ಯೂಸಿಯಂ, ಬೆಳಕೂ ಚೆನ್ನಾಗಿದೆ. ಚೀನಾದ ಪಿಂಗಾಣಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ಮೆರವಣಿಗೆಯ ಆನೆ, ಅರಬ್ಬಿ ಕುದುರೆ, ಚೀನಾದ ತಟ್ಟೆ, ಕಜ್ವೀನಿನಿಂದ ಬಂದ ಶಿಲ್ಪಿಯ ಕೈಯ ಕಮಾನು, ಎಲ್ಲವೂ ಒಂದೇ ಪೇಟೆಯ ಸರಕು ಎಂದು ಅದು ನೆನಪಿಸುತ್ತದೆ. ಹಜಾರರಾಮ ಗುಡಿಯ ಹೊರಗೋಡೆಯಲ್ಲಿ ಕೆತ್ತಿದ ಮೆರವಣಿಗೆಯನ್ನು ನೋಡಿದವರಿಗೆ ಈ ಮಾತು ಬೇಗ ಹಿಡಿಸುತ್ತದೆ. ಅಲ್ಲಿ ಆನೆಗಳಿವೆ, ಕುದುರೆಗಳಿವೆ, ಪರದೇಶದ ವೇಷದವರೂ ಇದ್ದಾರೆ.

ಹೊಸ ಮ್ಯೂಸಿಯಮ್ಮಿಗೆ ಒಂದು ಕೊರತೆ ಇದೆ ಎಂದು ನನ್ನ ಅನಿಸಿಕೆ. ಗುಡಿಯ ವಿಜಯನಗರ ಅಲ್ಲಿ ತುಂಬಿ ತುಳುಕುತ್ತದೆ, ಸೇನೆಯ ವಿಜಯನಗರ ತೆಳುವಾಗಿದೆ. ಕಲ್ಲಿನ ದೇವರು ಉಳಿಯುತ್ತಾನೆ, ಆನೆಯ ಸರಪಳಿ, ಮಾವುತನ ಅಂಕುಶ, ಖಿಚಡಿಯ ಕೊಪ್ಪರಿಗೆ ಉಳಿಯುವುದಿಲ್ಲ. ಸೇನೆಗೆ ಸೇರಿದ ಅತಿ ದೊಡ್ಡ ವಸ್ತು ಬಯಲಿನಲ್ಲಿದೆ, ಅದನ್ನು ಒಳಗೆ ತರಲಾಗದು. ಹಾಗಾಗಿ ನೋಡುವವರು ಮಧ್ಯಾಹ್ನ ಮ್ಯೂಸಿಯಂ ನೋಡಿ ಸಂಜೆ ಲಾಯದ ಮುಂದೆ ಫೋಟೋ ತೆಗೆಸಿಕೊಂಡರೆ ಎರಡೂ ಬೇರೆ ಬೇರೆ ಊರಿನವು ಅನ್ನಿಸುತ್ತದೆ. ಲಾಯದ ಪಕ್ಕದಲ್ಲಿ, ಬಯಲಿನ ಉತ್ತರಕ್ಕೆ, ಕಮಾನು ಸಾಲಿನ ಎತ್ತರದ ಜಗುಲಿಯ ಇನ್ನೊಂದು ಕಟ್ಟಡ ಇದೆ. ಕಾವಲುಗಾರರ ವಸತಿ ಎಂದು ಅದಕ್ಕೆ ಹೆಸರು. ಜಗುಲಿಯಲ್ಲಿ ಕೂತು ಬಯಲಿನ ಆಟ, ಕಸರತ್ತು ನೋಡುತ್ತಿದ್ದರು ಎಂಬ ಊಹೆಯೂ ಉಂಟು. ಮ್ಯೂಸಿಯಂ ಕಮಲಾಪುರಕ್ಕೆ ಹೋದ ಮೇಲೂ ಇಲಾಖೆಯವರು ಅಲ್ಲಿ ಶಿಲ್ಪಗಳನ್ನು ಇಟ್ಟಿದ್ದಾರೆ. ಲಾಯ ಬಿಟ್ಟರೂ ಅದರ ನೆರೆಮನೆ ಬಿಡಲಿಲ್ಲ.

ಖಾಲಿಯಾದ ಮೇಲೆ ಲಾಯಕ್ಕೆ ಲಾಭವೇ ಆಯಿತು. ಈಗ ಒಳಗೆ ನೋಡುವುದಕ್ಕೆ ಏನೂ ಇಲ್ಲ, ಆದ್ದರಿಂದ ಜನ ಕಟ್ಟಡವನ್ನೇ ನೋಡುತ್ತಾರೆ. ಮಕ್ಕಳು ಒಳಹೊಕ್ಕು ಕೂಗಿ ಗುಂಬಜಿನ ಪ್ರತಿಧ್ವನಿ ಕೇಳುತ್ತಾರೆ. ಅವರು ಕತ್ತೆತ್ತಿದಾಗ ಮೂಲೆಯ ಅಡ್ಡ ಕಮಾನು ಕಾಣಿಸುತ್ತದೆ, ಚೌಕ ಹೇಗೆ ದುಂಡಗಾಯಿತು ಎಂಬುದು ಕಾಣಿಸುತ್ತದೆ. ಎದುರಿನ ಫಲಕದಲ್ಲಿ ಇಂಡೋ-ಇಸ್ಲಾಮಿಕ್ ಶೈಲಿ ಎಂಬಂಥ ಎರಡು ಪದ ಬರೆದು ಮುಗಿಸುವ ಬದಲು, ಇಂಥ ಗುಂಬಜು ಕಟ್ಟುವ ಕೆಲಸ ದಖ್ಖನದಲ್ಲಿ ಮೊದಲು ಕಲಬುರಗಿಯಲ್ಲಿ ಬಲಿಯಿತು, ಯಾರ ಮೇಲೆ ಯುದ್ಧಕ್ಕೆ ಹೋಗಲು ಈ ಆನೆಗಳನ್ನು ಸಾಕಿದರೋ ಅವರ ಊರಿನ ಕಸುಬು ಈ ಗೋಡೆಯಲ್ಲಿದೆ ಎಂದು ಒಂದು ಸಾಲು ಬರೆದರೆ ಓದುವ ಹುಡುಗ ಎರಡನೇ ಸಲ ತಲೆಯೆತ್ತುತ್ತಾನೆ.

ಕಲಬುರಗಿಯ ಕೋಟೆಗೂ ಒಂದು ಮ್ಯೂಸಿಯಂ ಬೇಕು ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಬಾಲಾ ಹಿಸಾರಿನ ಆ ದೈತ್ಯ ಗೋಡೆಗಳ ಒಳಗೆ ಏನಾದರೂ ಇಡಬಹುದಲ್ಲ, ಹುಡೆಗಳ ಮೇಲೆ ಬಿಸಿಲಿಗೆ ಮಲಗಿದ ತೋಪುಗಳಿಗೆ ನೆರಳು ಮಾಡಬಹುದಲ್ಲ ಎಂದು. ತೋಪಿಗೆ ನೆರಳು ಬೇಡ, ಅದು ಹುಡೆಯ ಮೇಲಿದ್ದರೇ ಅದರ ಬಾಯಿ ಯಾವ ಕಡೆಗಿತ್ತು ಎಂದು ಗೊತ್ತಾಗುವುದು. ಕೋಟೆಯೊಳಗೆ ತಲೆಮಾರುಗಳಿಂದ ಸಂಸಾರ ಹೂಡಿದ ಜನರ ಪ್ರಶ್ನೆಯೂ ಇದೆ. ತೆರವಿನ ವಿಷಯ ಕೋರ್ಟು ಮೆಟ್ಟಿಲು ಹತ್ತಿದೆ. ಅವರ ಮನೆಗಳೂ ಆ ಕೋಟೆಯ ಇತಿಹಾಸದ ಒಂದು ಪದರ. ಅವರಿಗೆ ಬೇರೆ ನೆಲೆ ತೋರಿಸದೆ ಖಾಲಿ ಮಾಡಿಸಿದ ಜಾಗದಲ್ಲಿ ಗಾಜಿನ ಪೆಟ್ಟಿಗೆ ಜೋಡಿಸುವುದನ್ನು ನಾನು ಮೆಚ್ಚಲಾರೆ.

ಚಳಿಗಾಲದಲ್ಲಿ ನಮ್ಮ ಕಡೆಯ ಶಾಲೆ, ಕಾಲೇಜುಗಳ ಬಸ್ಸುಗಳು ಹಂಪಿಗೆ ಹೊರಡುತ್ತವೆ. ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟ್ರುಗಳಿಗೆ ಒಂದು ಕೋರಿಕೆ. ಹೊರಡುವ ಹಿಂದಿನ ದಿನ ಸಂಜೆ ಅವರನ್ನು ರೋಜಾ ಕಡೆ ನಡೆಸಿಕೊಂಡು ಹೋಗಿ ಫಿರೋಜ್ ಷಾನ ಗೋರಿಯ ಒಳಗೆ ಐದು ನಿಮಿಷ ನಿಲ್ಲಿಸಿ. ಕೋಣೆಯ ಮೂಲೆಗಳನ್ನು ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳಲಿ, ಚಿತ್ರ ಸೊಟ್ಟಗಾದರೂ ಚಿಂತೆಯಿಲ್ಲ. ಮರುದಿನ ಲಿಂಗಸುಗೂರಿನ ದಾರಿ ಹಿಡಿದು ಮೂರು ಹೊಳೆ ದಾಟಿ, ಆನೆ ಲಾಯದ ಮೊದಲ ಅಂಕಣದಲ್ಲಿ ಅದೇ ಪುಟ ತೆರೆಸಿ.